ದೇಶದ ಭದ್ರತೆಯ ಕಾರಣ ಕೊಟ್ಟು ನಿರಾಶ್ರಿತನನ್ನು ಹೊರಹಾಕುವಾಗ ಕೋರ್ಟು ಎಲ್ಲಿಯವರೆಗೆ ಕೈಹಾಕ್ತದೆ?

ಅಜ್ಜರಕಾಡು:

ಮೂಟ್ ಕೋರ್ಟ್ (ಕಾನೂನು ವಿದ್ಯಾರ್ಥಿಗಳ ಅಣಕು ನ್ಯಾಯಾಲಯ) ಸ್ಪರ್ಧೆಗೆ ಒಂದು ಸಮಸ್ಯೆ ಕೊಟ್ಟಿದ್ದಾರೆ. ವಿಷಯ ತಿಳಿದವರು ದಾರಿ ತೋರಿಸಬೇಕು.

ಕಲ್ಪಿತ ಪ್ರಕರಣ ಹೀಗುಂಟು. ಮ್ಯಾನ್ಮಾರ್‌ನಿಂದ ಓಡಿಬಂದ ಒಬ್ಬನಿಗೆ ದೆಹಲಿಯ ಯುಎನ್‌ಎಚ್‌ಸಿಆರ್ (ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ) ಕಚೇರಿ ನಿರಾಶ್ರಿತ ಕಾರ್ಡ್ ಕೊಟ್ಟಿದೆ. ಮಂಗಳೂರು ಬಂದರಿನ ಹತ್ತಿರ ಐಸ್ ಪ್ಲಾಂಟಿನಲ್ಲಿ ಕೆಲಸಕ್ಕಿದ್ದಾಗ ಪೊಲೀಸರಿಗೆ ಸಿಕ್ಕಿದ. ವೀಸಾ ಇಲ್ಲದೆ ಒಳಬಂದದ್ದಕ್ಕೆ ಶಿಕ್ಷೆಯಾಯಿತು, ಅವಧಿಯೂ ಮುಗಿಯಿತು. ಜೈಲಿನಿಂದ ಹೊರಬರುವ ದಿನವೇ ದೇಶ ಬಿಟ್ಟು ಕಳಿಸುವ ಆದೇಶ ಕೈಗೆ ಬಂತು. ಅದರಲ್ಲಿ "ದೇಶದ ಭದ್ರತೆಯ ದೃಷ್ಟಿಯಿಂದ" ಎಂಬ ಒಂದು ಸಾಲು ಬಿಟ್ಟರೆ ಬೇರೆ ಕಾರಣವೇ ಇಲ್ಲ. ಸರ್ಕಾರ ಗುಪ್ತಚರ ವರದಿಯನ್ನು ಮುಚ್ಚಿದ ಲಕೋಟೆಯಲ್ಲಿ ಜಡ್ಜ್‌ಗೆ ಮಾತ್ರ ಕೊಡ್ತೇವೆ ಅಂತಿದೆ.

ನಾನು ಅರ್ಜಿದಾರನ ಪರ ವಾದಿಸಬೇಕು. 1951ರ ನಿರಾಶ್ರಿತರ ಒಡಂಬಡಿಕೆಗೆ ಭಾರತ ಸಹಿ ಹಾಕಿಲ್ಲ ಎಂಬುದು ಗೊತ್ತುಂಟು. ಹಾಗಾದರೆ ಅಪಾಯ ಇರುವ ಕಡೆಗೆ ವಾಪಸ್ ಕಳಿಸಬಾರದು ಎಂಬ ತತ್ವವನ್ನು ಯಾವುದರ ಮೇಲೆ ನಿಲ್ಲಿಸುವುದು? ಸರ್ಕಾರ ಭದ್ರತೆ ಅಂದ ಮೇಲೆ ಕೋರ್ಟು ಅದರ ಒಳಗೆ ಹೋಗ್ತದಾ? ಹೊರದೇಶದ ತೀರ್ಪುಗಳಲ್ಲಿ ನಿಜವಾಗಿ ಕೆಲಸಕ್ಕೆ ಬರುವುದು ಯಾವುದು?

ಕೊಡಿಯಾಲಬೈಲ್:

ಮೊದಲು ಶಬ್ದ ಸರಿ ಮಾಡಿಕೊಳ್ಳಿ. ನಮ್ಮ ಜಿಲ್ಲೆಯಲ್ಲಿ "ಗಡೀಪಾರು" ಅಂದ ಕೂಡಲೇ ನೆನಪಾಗುವುದು ಕರ್ನಾಟಕ ಪೊಲೀಸ್ ಕಾಯ್ದೆ 1963ರ 55ನೇ ಕಲಂ, ಅಂದರೆ ಒಬ್ಬನನ್ನು ಜಿಲ್ಲೆಯಿಂದ ಆಚೆ ಕಳಿಸುವುದು. ಅದು ಭಾರತೀಯನ ಸಂಚಾರದ ಹಕ್ಕನ್ನು, ವಾಸದ ಹಕ್ಕನ್ನು ಮೊಟಕು ಮಾಡುವ ಆದೇಶ. ಅದರ ಮೇಲಿನ ತೀರ್ಪುಗಳು 19ನೇ ವಿಧಿಯ ಮೇಲೆ ನಿಂತಿವೆ. ವಿದೇಶಿಯನಿಗೆ 19ನೇ ವಿಧಿಯೇ ಇಲ್ಲ. ಆ ತೀರ್ಪುಗಳನ್ನು ಇಲ್ಲಿಗೆ ತಂದರೆ ಎದುರು ಪಕ್ಷದವರು ಎರಡೇ ನಿಮಿಷದಲ್ಲಿ ಕಿತ್ತುಹಾಕ್ತಾರೆ. ವಾದಪತ್ರದಲ್ಲಿ "ದೇಶದಿಂದ ಹೊರಹಾಕುವ ಆದೇಶ" ಎಂದೇ ಬರೆಯಿರಿ.

ಎರಡನೆಯದು ಕಾಯ್ದೆ. 1946ರ ವಿದೇಶಿಯರ ಕಾಯ್ದೆ ಈಗ ಜಾರಿಯಲ್ಲಿಲ್ಲ. ಅದನ್ನೂ ಇನ್ನು ಮೂರು ಹಳೆ ಕಾಯ್ದೆಗಳನ್ನೂ ತೆಗೆದುಹಾಕಿ ವಲಸೆ ಮತ್ತು ವಿದೇಶಿಯರ ಕಾಯ್ದೆ, 2025 ಬಂದಿದೆ. 2025ರ ಸೆಪ್ಟೆಂಬರ್ 1ರಿಂದ ಅದೇ ಕಾನೂನು. ನೀವು ಓದುವ ತೀರ್ಪುಗಳೆಲ್ಲ ಹೊರಹಾಕುವ ಅಧಿಕಾರ ಕೊಡುತ್ತಿದ್ದ ಹಳೆ ಕಾಯ್ದೆಯ 3(2)(ಸಿ) ಕಲಮಿನ ಮೇಲೆ ಬಂದವು. ಸಮಸ್ಯೆಯಲ್ಲಿ ಆದೇಶದ ತಾರೀಖು ಯಾವುದು ಎಂದು ನೋಡಿ, ಹೊಸ ಕಾಯ್ದೆಯಡಿ ಬಂದದ್ದಾದರೆ ಹಳೆ ತೀರ್ಪು ಯಾಕೆ ಇನ್ನೂ ಅನ್ವಯಿಸ್ತದೆ ಎಂದು ಒಂದು ಪ್ಯಾರಾ ಬರೆಯಲೇಬೇಕು. ಪೀಠದಿಂದ ಬರುವ ಮೊದಲ ಪ್ರಶ್ನೆ ಇದೇ ಆಗಿರಬಹುದು.

ಇನ್ನು ತೀರ್ಪುಗಳು. ನಿಮ್ಮ ಎದುರು ನಿಲ್ಲುವ ದೊಡ್ಡ ಕಲ್ಲು 1955ರ ಹಾನ್ಸ್ ಮುಲ್ಲರ್ ಪ್ರಕರಣ. ವಿದೇಶಿಯನನ್ನು ಹೊರಹಾಕುವ ಅಧಿಕಾರ ಸರ್ಕಾರಕ್ಕೆ ಪೂರ್ಣವಾಗಿ ಉಂಟು, ಅದಕ್ಕೆ ಮಿತಿ ಇಲ್ಲ ಅಂತ ಸಂವಿಧಾನ ಪೀಠವೇ ಹೇಳಿತು. 1991ರಲ್ಲಿ ಲೂಯಿ ಡಿ ರೇಟ್ ಪ್ರಕರಣ ಅದನ್ನೇ ಮುಂದುವರಿಸಿತು: ವಿದೇಶಿಯನಿಗೆ 21ನೇ ವಿಧಿಯ ಜೀವ ಮತ್ತು ಸ್ವಾತಂತ್ರ್ಯ ಉಂಟು, ನೆಲೆಸುವ ಹಕ್ಕಿಲ್ಲ.

ಆದ್ದರಿಂದ ನೆಲೆಸುವ ಹಕ್ಕನ್ನು ಕೇಳಲು ಹೋಗಬೇಡಿ. ಅರ್ಜಿಯ ಕೋರಿಕೆಯಲ್ಲಿ "ಭಾರತದಲ್ಲಿ ಇರಲು ಬಿಡಿ" ಎಂದು ಬರೆದರೆ ನೀವೇ ಸರ್ಕಾರದ ಕೈಗೆ ಕೋಲು ಕೊಟ್ಟ ಹಾಗೆ. "ಮ್ಯಾನ್ಮಾರ್‌ಗೆ ಕಳಿಸಬೇಡಿ" ಎಂದು ಬರೆಯಿರಿ. ಎರಡರ ನಡುವೆ ಇರುವ ಈ ಸಣ್ಣ ಜಾಗದಲ್ಲೇ ನಿಮ್ಮ ಪ್ರಕರಣ ಪೂರ್ತಿ ನಿಂತಿದೆ. ಮೂರನೇ ದೇಶಕ್ಕೆ ಕಳಿಸುವ ದಾರಿ ತೆರೆದೇ ಇರಲಿ.

ಆ ಜಾಗಕ್ಕೆ ಬಲ ಕೊಡುವ ತೀರ್ಪುಗಳು ಉಂಟು. 1996ರ ಎನ್‌ಎಚ್‌ಆರ್‌ಸಿ (ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ) ಮತ್ತು ಅರುಣಾಚಲ ಪ್ರದೇಶ ಪ್ರಕರಣದಲ್ಲಿ, ಈಗಿನ ಬಾಂಗ್ಲಾದೇಶದ ಕಡೆಯಿಂದ ಬಂದ ನಿರಾಶ್ರಿತರಾದ ಸುಮಾರು 65,000 ಚಕ್ಮಾಗಳನ್ನು ಒಂದು ವಿದ್ಯಾರ್ಥಿ ಸಂಘಟನೆ ಜಾಗ ಖಾಲಿ ಮಾಡಿ ಎಂದು ಬೆದರಿಸುತ್ತಿತ್ತು. ಪ್ರಜೆ ಇರಲಿ ಬಿಡಲಿ, ಪ್ರತಿ ಮನುಷ್ಯನ ಜೀವ ಕಾಪಾಡುವುದು ರಾಜ್ಯದ ಕರ್ತವ್ಯ ಎಂದಿತು ಸುಪ್ರೀಂ ಕೋರ್ಟ್. ಗುಜರಾತ್ ಹೈಕೋರ್ಟಿನ ಕತೈರ್ ಅಬ್ಬಾಸ್ ಪ್ರಕರಣ ಇರಾಕಿನವರದು. ವಾಪಸ್ ಕಳಿಸಬಾರದು ಎಂಬ ತತ್ವ 21ನೇ ವಿಧಿಯ ಒಳಗೇ ಸೇರಿದೆ ಎಂದು ಅದರಲ್ಲಿ ಸ್ಪಷ್ಟವಾಗಿ ಉಂಟು. ಆದರೆ ಜೊತೆಯಲ್ಲೇ ಒಂದು ಷರತ್ತು: ಆ ವ್ಯಕ್ತಿಯಿಂದ ದೇಶದ ಭದ್ರತೆಗೆ, ಕಾನೂನು ಸುವ್ಯವಸ್ಥೆಗೆ ಧಕ್ಕೆ ಆಗಬಾರದು. ಅರ್ಧ ವಾಕ್ಯ ಮಾತ್ರ ಉದ್ಧರಿಸಿ ಬಿಟ್ಟರೆ ಉಳಿದರ್ಧ ಎದುರಾಳಿ ಓದ್ತಾರೆ, ನೀವೇ ಪೂರ್ತಿ ಓದಿ.

ನಿಮ್ಮ ಸಮಸ್ಯೆಗೆ ತೀರ ಹತ್ತಿರ ಇರುವುದು 2015ರ ಡೋಂಗ್ ಲಿಯಾನ್ ಖಾಮ್, ದೆಹಲಿ ಹೈಕೋರ್ಟ್. ಅವರೂ ಮ್ಯಾನ್ಮಾರ್‌ನವರು, ಯುಎನ್‌ಎಚ್‌ಸಿಆರ್ ಮಾನ್ಯತೆ ಇದ್ದವರು. ಎಫ್‌ಆರ್‌ಆರ್‌ಒ (ವಿದೇಶಿಯರ ನೋಂದಣಿ ನೋಡುವ ಕೇಂದ್ರದ ಅಧಿಕಾರಿ) ಆ ಅರ್ಜಿದಾರರ ಮಾತು ಕೇಳಬೇಕು, ಮೂರನೇ ದೇಶಕ್ಕೆ ಕಳಿಸಲು ಆಗ್ತದಾ ಎಂದು ಯುಎನ್‌ಎಚ್‌ಸಿಆರ್ ಜೊತೆ ಸಮಾಲೋಚಿಸಿ ತೀರ್ಮಾನಿಸಬೇಕು ಎಂದು ಕೋರ್ಟು ವಿಷಯವನ್ನು ಹಿಂದಕ್ಕೆ ಕಳಿಸಿತು. ನೀವು ಕೇಳಬೇಕಾದ ಪರಿಹಾರ ಬಹುಮಟ್ಟಿಗೆ ಇದೇ.

ಪಾಂಡೇಶ್ವರ:

ಕೊಡಿಯಾಲಬೈಲ್ ಅವರು ಹೇಳಿದ್ದು ಸರಿ, ಆದರೆ ಸರ್ಕಾರದ ವಾದ ಎಷ್ಟು ಗಟ್ಟಿ ಎಂಬುದನ್ನು ಬಿಟ್ಟುಬಿಟ್ಟರು. ಹೈಕೋರ್ಟುಗಳ ತೀರ್ಪುಗಳ ಮೇಲೆ ಈಗ 2021ರ ಏಪ್ರಿಲ್ 8ರ ಮೊಹಮ್ಮದ್ ಸಲೀಮುಲ್ಲಾ ಆದೇಶ ಕೂತಿದೆ. ಜಮ್ಮುವಿನಲ್ಲಿ ಹಿಡಿದಿಟ್ಟಿದ್ದ ರೊಹಿಂಗ್ಯಾಗಳನ್ನು ಕಳಿಸಬಾರದು ಎಂಬ ಅರ್ಜಿಗೆ ಮಧ್ಯಂತರ ತಡೆ ಸಿಗಲಿಲ್ಲ. ಸಮಾನತೆಯ 14ನೇ ವಿಧಿ ಮತ್ತು 21ನೇ ವಿಧಿ ಎಲ್ಲ ಮನುಷ್ಯರಿಗೂ ಉಂಟು ಎಂದು ಒಪ್ಪಿಕೊಂಡೇ, ಹೊರಹಾಕಿಸಿಕೊಳ್ಳದೆ ಇರುವ ಹಕ್ಕು ಮಾತ್ರ 19(1)(ಇ)ಯ ನೆಲೆಸುವ ಹಕ್ಕಿನ ಬಾಲ ಹಿಡಿದು ಬರುವಂಥದ್ದು, ಅದು ಪ್ರಜೆಗಳಿಗೆ ಮಾತ್ರ ಎಂದಿತು ಕೋರ್ಟು. ಆಂತರಿಕ ಭದ್ರತೆಯ ಬಗ್ಗೆ ಗಂಭೀರ ಆರೋಪ ಇದೆ ಎಂಬುದನ್ನೂ ದಾಖಲಿಸಿತು.

ಇದನ್ನು ಅರ್ಜಿದಾರನ ಕಡೆಯಿಂದ ಹೇಗೆ ಎದುರಿಸುವುದು ಅಂದರೆ, ಒಂದು, ಅದು 793/2017 ರಿಟ್ ಅರ್ಜಿಯಲ್ಲಿ ಬಂದ ಮಧ್ಯಂತರ ಆದೇಶ, ಅಂತಿಮ ತೀರ್ಪಲ್ಲ. ಮೂಲ ಪ್ರಶ್ನೆಗಳನ್ನು ಸುಪ್ರೀಂ ಕೋರ್ಟೇ 2025ರ ಜುಲೈ 31ರಂದು ಪಟ್ಟಿ ಮಾಡಿದೆ: ರೊಹಿಂಗ್ಯಾಗಳು ನಿರಾಶ್ರಿತರೋ ಅಕ್ರಮವಾಗಿ ಒಳಬಂದವರೋ, ಅವರನ್ನು ಅನಿರ್ದಿಷ್ಟ ಕಾಲ ಕೂಡಿಡಬಹುದೋ ಎಂಬಂಥವು. ಎರಡು, ಆದೇಶದ ಕೊನೆಯ ಸಾಲು ನಿಮ್ಮ ಪರ ಉಂಟು. ನಿಗದಿತ ಕಾರ್ಯವಿಧಾನ ಪಾಲಿಸದೆ ಹೊರಹಾಕುವ ಹಾಗಿಲ್ಲ ಎಂದು ಅಲ್ಲೇ ಬರೆದಿದೆ. ಆ ಸಾಲನ್ನು ಬಿಗಿಯಾಗಿ ಹಿಡಿದುಕೊಳ್ಳಿ.

2021ರ ಮೇ 3ರಂದು ಮಣಿಪುರ ಹೈಕೋರ್ಟು ನಂದಿತಾ ಹಕ್ಸರ್ ಪ್ರಕರಣದಲ್ಲಿ ಮ್ಯಾನ್ಮಾರ್‌ನ ಏಳು ಮಂದಿಗೆ ದೆಹಲಿಯ ಯುಎನ್‌ಎಚ್‌ಸಿಆರ್ ಕಚೇರಿಗೆ ಹೋಗಲು ಸುರಕ್ಷಿತ ದಾರಿ ಮಾಡಿಕೊಟ್ಟಿತು. ಸಲೀಮುಲ್ಲಾ ಆದೇಶ ಬಂದು ಒಂದು ತಿಂಗಳೂ ಆಗಿರಲಿಲ್ಲ. ಅಲ್ಲಿ ಭದ್ರತೆಯ ಆರೋಪ ಇತ್ತು, ಈ ಏಳು ಮಂದಿಯ ಮೇಲೆ ಅಂಥದ್ದು ಇಲ್ಲ ಎಂಬುದೇ ವ್ಯತ್ಯಾಸ. ನಿಮ್ಮವನ ಮೇಲೆ ಆರೋಪ ಉಂಟು, ಆಧಾರ ಕಾಣ್ತಿಲ್ಲ. ಈ ನಡುವಿನ ಸ್ಥಿತಿಯನ್ನು ಮುಚ್ಚಿಡದೆ ನೀವೇ ಹೇಳಿ ವಾದ ಕಟ್ಟಿ.

ಎದುರಾಳಿ 2025ರ ಮೇ ತಿಂಗಳ ಆದೇಶವನ್ನೂ ತರುತ್ತಾರೆ. ಶ್ರೀಲಂಕಾದ ತಮಿಳನೊಬ್ಬನ ಅರ್ಜಿ ತಳ್ಳಿಹಾಕುವಾಗ ಭಾರತವೇನು ಧರ್ಮಛತ್ರವಲ್ಲ ಎಂಬ ಮಾತು ಬಂದದ್ದು ಪತ್ರಿಕೆಗಳಲ್ಲೆಲ್ಲ ಇತ್ತು. ಆದರೆ ಅವನಿಗೆ ಯುಎಪಿಎ (ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆ) ಅಡಿ ಶಿಕ್ಷೆಯಾಗಿತ್ತು, ಹೈಕೋರ್ಟು ಅದನ್ನು 10 ವರ್ಷದಿಂದ 7ಕ್ಕೆ ಇಳಿಸುವಾಗಲೇ ಶಿಕ್ಷೆ ಮುಗಿದ ಮೇಲೆ ದೇಶ ಬಿಡಬೇಕು ಎಂದಿತ್ತು. ನಿಮ್ಮವನ ಅಪರಾಧ ವೀಸಾ ಇಲ್ಲದೆ ಬಂದದ್ದು ಒಂದೇ. ಜೀವ ಉಳಿಸಿಕೊಳ್ಳಲು ಓಡಿಬರುವವನು ಪಾಸ್‌ಪೋರ್ಟ್ ಕಚೇರಿಯ ಸಾಲಿನಲ್ಲಿ ನಿಂತು ಬರಲು ಆಗುವುದಿಲ್ಲ, ಅದನ್ನು ಧೈರ್ಯವಾಗಿ ಹೇಳಿ.

ಇನ್ನೊಂದು. ಸರ್ಬಾನಂದ ಸೋನೋವಾಲ್ (2005), ರಹೀಂ ಅಲಿ (2024) ಎರಡನ್ನೂ ಕೆಲವರು ಇಲ್ಲಿಗೆ ಎಳೆದು ತರ್ತಾರೆ. ಎರಡೂ ಒಬ್ಬ ಪ್ರಜೆಯೋ ಅಲ್ಲವೋ ಎಂದು ಸಾಬೀತು ಮಾಡುವ ಹೊರೆ ಯಾರ ಮೇಲೆ ಎಂಬ ಪ್ರಶ್ನೆಯ ಸುತ್ತ ಬಂದವು. ನಿಮ್ಮವನು ತಾನು ವಿದೇಶಿ ಎಂದು ಒಪ್ಪಿಕೊಂಡವನು, ಅವು ಬೇಡ.

ಬಿಜೈ:

ಹೊರದೇಶದ ತೀರ್ಪುಗಳ ಬಗ್ಗೆ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಯಾಕೆಂದರೆ ವಿದ್ಯಾರ್ಥಿಗಳು ಎಡವುವುದು ಇಲ್ಲೇ.

ಎರಡು ಬೇರೆ ಬೇರೆ ರಕ್ಷಣೆಗಳು ಉಂಟು. ನಿರಾಶ್ರಿತರ ಒಡಂಬಡಿಕೆಯ 33(1) ವಾಪಸ್ ಕಳಿಸಬಾರದು ಅಂತದೆ. 33(2) ಅದಕ್ಕೆ ವಿನಾಯಿತಿ: ಆಶ್ರಯ ಕೊಟ್ಟ ದೇಶದ ಭದ್ರತೆಗೆ ಅವನು ಅಪಾಯ ಎಂದು ನಂಬಲು ಸಮಂಜಸ ಕಾರಣ ಇದ್ದರೆ, ಅಥವಾ ತೀರ ಗಂಭೀರ ಅಪರಾಧದಲ್ಲಿ ಅಂತಿಮ ಶಿಕ್ಷೆಯಾಗಿ ಸಮಾಜಕ್ಕೆ ಅಪಾಯಕಾರಿ ಆಗಿದ್ದರೆ, ಆ ರಕ್ಷಣೆ ಸಿಗುವುದಿಲ್ಲ. ಅಂದರೆ ನಿರಾಶ್ರಿತರ ಕಾನೂನಿನಲ್ಲೇ ಭದ್ರತೆಗೆ ಬಾಗಿಲು ಉಂಟು. ಚಿತ್ರಹಿಂಸೆಗೆ ಒಡ್ಡಬಾರದು ಎಂಬ ಮಾನವ ಹಕ್ಕಿನ ಕಾನೂನಿನಲ್ಲಿ ಮಾತ್ರ ಅಂಥ ಬಾಗಿಲು ಇಲ್ಲ. "ಭದ್ರತೆ ಇದ್ದರೂ ಕಳಿಸುವ ಹಾಗಿಲ್ಲ" ಎಂಬ ಯುರೋಪಿನ ತೀರ್ಪುಗಳೆಲ್ಲ ಈ ಎರಡನೆಯದರಿಂದ ಬಂದವು. ಅವುಗಳನ್ನು ನಿರಾಶ್ರಿತರ ಒಡಂಬಡಿಕೆಯ ತಲೆಗೆ ಕಟ್ಟಬೇಡಿ.

ಅದರಲ್ಲಿ ಮೊದಲು ಓದಬೇಕಾದ್ದು ಚಹಲ್ ಮತ್ತು ಬ್ರಿಟನ್, 1996ರ ನವೆಂಬರ್ 15. ಸಂಗತಿ ನಮ್ಮ ದೇಶದ್ದೇ. ಸಿಖ್ ಪ್ರತ್ಯೇಕತಾವಾದಿ ಎಂದು ಒಬ್ಬ ಭಾರತೀಯನನ್ನು ಭದ್ರತೆಯ ಕಾರಣಕ್ಕೆ ಭಾರತಕ್ಕೆ ಕಳಿಸಲು ಬ್ರಿಟನ್ ಹೊರಟಿತ್ತು, 1990ರ ಆಗಸ್ಟಿನಿಂದ ಜೈಲಿನಲ್ಲಿ ಇಟ್ಟಿತ್ತು. ಹಿಂಸೆ ಆಗುವುದಿಲ್ಲ ಎಂದು ಭಾರತ ಸರ್ಕಾರ ಭರವಸೆ ಕೊಟ್ಟಿತ್ತು. ಯುರೋಪಿನ ಮಾನವ ಹಕ್ಕುಗಳ ಕೋರ್ಟು ಆ ಭರವಸೆಯ ಪ್ರಾಮಾಣಿಕತೆಯನ್ನು ಅನುಮಾನಿಸಲಿಲ್ಲ, ಆದರೆ ಕೆಳಗಿನ ಹಂತದಲ್ಲಿ ಪೊಲೀಸರು ನಡೆದುಕೊಳ್ಳುವ ರೀತಿಯನ್ನು ಅದು ತಡೆಯಲಾರದು ಎಂದಿತು. 12-7 ಮತಗಳಿಂದ, ಎಂಥ ಭದ್ರತೆಯ ಆರೋಪ ಇದ್ದರೂ ಚಿತ್ರಹಿಂಸೆ ನಿಷೇಧಿಸುವ, ಯುರೋಪಿನ ಮಾನವ ಹಕ್ಕುಗಳ ಒಡಂಬಡಿಕೆಯ 3ನೇ ವಿಧಿಯ ರಕ್ಷಣೆ ಸಡಿಲ ಆಗುವುದಿಲ್ಲ ಎಂಬ ತೀರ್ಮಾನ ಬಂತು.

ಆ ತೀರ್ಪಿನ ಇನ್ನೊಂದು ಭಾಗವನ್ನು ಯಾರೂ ಓದುವುದಿಲ್ಲ, ನಿಮಗೆ ಬೇಕಾದ್ದು ಅದು. ಆಗ ಬ್ರಿಟನ್‌ನಲ್ಲಿ ಭದ್ರತೆಯ ಪ್ರಕರಣ ನೋಡುತ್ತಿದ್ದದ್ದು ಒಂದು ಸಲಹಾ ಮಂಡಳಿ. ಅದರ ಮುಂದೆ ವಕೀಲರನ್ನು ಇಟ್ಟುಕೊಳ್ಳುವ ಹಾಗಿಲ್ಲ, ಆರೋಪದ ಸಾರಾಂಶ ಬಿಟ್ಟು ಬೇರೇನೂ ಕೈಗೆ ಸಿಗುವುದಿಲ್ಲ, ಮಂಡಳಿ ಏನು ಸಲಹೆ ಕೊಟ್ಟಿತು ಎಂದೂ ಹೇಳುವುದಿಲ್ಲ, ಆ ಸಲಹೆಗೆ ಸಚಿವ ಕಟ್ಟುಬೀಳಬೇಕೆಂದೂ ಇಲ್ಲ. ಇದು ಪರಿಣಾಮಕಾರಿ ಪರಿಹಾರವೇ ಅಲ್ಲ ಎಂದಿತು ಕೋರ್ಟು. ಅದರ ಫಲವಾಗಿ 1997ರ ಕಾಯ್ದೆಯಿಂದ ಬ್ರಿಟನ್‌ನಲ್ಲಿ ವಿಶೇಷ ವಲಸೆ ಮೇಲ್ಮನವಿ ಆಯೋಗ ಹುಟ್ಟಿತು. ರಹಸ್ಯ ಸಾಕ್ಷ್ಯ ನೋಡಿ ಅರ್ಜಿದಾರನ ಪರ ಪ್ರಶ್ನೆ ಕೇಳುವ ವಿಶೇಷ ವಕೀಲರೂ ಹುಟ್ಟಿದರು. ಮುಚ್ಚಿದ ಲಕೋಟೆಗೆ ಪರ್ಯಾಯ ಉಂಟು ಎಂದು ತೋರಿಸಲು ಇದಕ್ಕಿಂತ ಒಳ್ಳೆ ಉದಾಹರಣೆ ಸಿಗಲಿಕ್ಕಿಲ್ಲ. 2008ರ ಸಾದಿ ಮತ್ತು ಇಟಲಿ ಪ್ರಕರಣದಲ್ಲಿ ಭದ್ರತೆ ಮತ್ತು ಹಿಂಸೆಯ ಅಪಾಯ ಎರಡನ್ನೂ ತೂಗಿ ನೋಡಿ ಎಂದು ಬ್ರಿಟನ್ ಮತ್ತೆ ಕೇಳಿತು, ಕೋರ್ಟು ಒಪ್ಪಲಿಲ್ಲ.

ಆದರೂ ಭಾರತದ ಕೋರ್ಟಿಗೆ ಹೆಚ್ಚು ರುಚಿಸುವುದು ಕೆನಡಾದ ಸುರೇಶ್ ತೀರ್ಪು (2002). ಎಲ್‌ಟಿಟಿಇಗೆ ಹಣ ಸಂಗ್ರಹಿಸಿದ ಆರೋಪ ಇದ್ದವನನ್ನು ಶ್ರೀಲಂಕಾಕ್ಕೆ ಕಳಿಸುವ ವಿಷಯ. ಅಲ್ಲಿ ಬಾಗಿಲು ಪೂರ್ತಿ ಮುಚ್ಚಲಿಲ್ಲ, ತೀರ ಅಸಾಧಾರಣ ಸಂದರ್ಭದಲ್ಲಿ ಕಳಿಸಬಹುದೇನೋ ಎಂದು ಸ್ವಲ್ಪ ಬಿರುಕು ಬಿಟ್ಟರು. ಆದರೆ ಕಾರ್ಯವಿಧಾನವನ್ನು ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿಕೊಟ್ಟರು. ಹಿಂಸೆಯ ಅಪಾಯ ಮೇಲ್ನೋಟಕ್ಕೆ ಉಂಟು ಎಂದು ವ್ಯಕ್ತಿ ಮೊದಲು ತೋರಿಸಬೇಕು. ತೋರಿಸಿದ ಮೇಲೆ, ಸಚಿವರು ನೋಡುವ ದಾಖಲೆ ಅವನ ಕೈಗೂ ಬರಬೇಕು, ರಹಸ್ಯವಾಗಿ ಇಡಲೇಬೇಕಾದ ಭಾಗ ಬಿಟ್ಟು. ಅದಕ್ಕೆ ಲಿಖಿತ ಉತ್ತರ ಕೊಡಲು ಅವಕಾಶ ಸಿಗಬೇಕು. ಕೊನೆಗೆ ಸಚಿವರು ಕಾರಣ ಬರೆದು ತೀರ್ಮಾನಿಸಬೇಕು. ದೇಶದ ಭದ್ರತೆಗೆ ಅಪಾಯ ಅಂದರೆ ಗಂಭೀರ ಅಪಾಯ, ವಸ್ತುನಿಷ್ಠ ಆಧಾರ ಇರುವ ಶಂಕೆ ಎಂದೂ ಅದೇ ತೀರ್ಪು ವಿವರಿಸಿತು.

ನಮ್ಮಲ್ಲಿ ಈ ತೀರ್ಪುಗಳು ಬಂಧಕವಲ್ಲ, ಮಾರ್ಗದರ್ಶಕ ಮಾತ್ರ. ಸೇತುವೆ ಯಾವುದು ಅಂತ ಕೇಳ್ತಾರೆ. ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಒಡಂಬಡಿಕೆಗೆ ಭಾರತ 1979ರಲ್ಲಿ ಸೇರಿದೆ, ಅದರ 7ನೇ ವಿಧಿ ಚಿತ್ರಹಿಂಸೆ ನಿಷೇಧಿಸ್ತದೆ. ಆದರೆ ವಿದೇಶಿಯರನ್ನು ಹೊರಹಾಕುವ ಬಗ್ಗೆ ಇರುವ 13ನೇ ವಿಧಿಯನ್ನು ಭಾರತ ಹಾಗೆಯೇ ಒಪ್ಪದೆ, ನಮ್ಮ ಕಾನೂನೇ ನಡೆಯಲಿ ಎಂಬ ಷರತ್ತು ಹಾಕಿದೆ. 13ರ ಮೇಲೆ ವಾದ ಕಟ್ಟಬೇಡಿ, ಕುಸಿದುಬೀಳ್ತದೆ. ಚಿತ್ರಹಿಂಸೆ ವಿರೋಧಿ ಒಡಂಬಡಿಕೆಗೆ 1997ರಲ್ಲಿ ಸಹಿ ಬಿದ್ದಿದೆ, ಅನುಮೋದನೆ ಆಗಿಲ್ಲ. ಅಂತರರಾಷ್ಟ್ರೀಯ ಒಡಂಬಡಿಕೆಯನ್ನು ಮೂಲಭೂತ ಹಕ್ಕಿನ ಅರ್ಥ ಬಿಡಿಸಲು ಬಳಸಬಹುದು ಎನ್ನಲು 1997ರ ವಿಶಾಖಾ ತೀರ್ಪು ಸಾಕು.

ಅಜ್ಜರಕಾಡು:

ತುಂಬ ಉಪಕಾರ ಆಯಿತು. ಲಕೋಟೆಯ ವಿಷಯ ಇನ್ನೂ ಸ್ಪಷ್ಟ ಇಲ್ಲ. ಭದ್ರತೆ ಅಂದರೆ ಸಹಜ ನ್ಯಾಯವೇ (ಕಾರಣ ತಿಳಿಸಿ ಮಾತು ಕೇಳುವುದು) ಬೇಡ ಎಂದು 2014ರ ಎಕ್ಸ್-ಆರ್ಮಿಮೆನ್ಸ್ ತೀರ್ಪು ಹೇಳ್ತದಲ್ಲ? ಮತ್ತೆ ಅರ್ಜಿ ಯಾರ ಮೇಲೆ ಹಾಕಬೇಕು, ಏನೇನು ಲಗತ್ತಿಸಬೇಕು?

ಕಲ್ಯಾಣಪುರ:

ಆ ತೀರ್ಪನ್ನು ಒಂಟಿಯಾಗಿ ಓದಬೇಡಿ. 2023ರ ಏಪ್ರಿಲ್ 5ರ ಮಾಧ್ಯಮಂ ಬ್ರಾಡ್‌ಕಾಸ್ಟಿಂಗ್ ತೀರ್ಪು, ಅಂದರೆ ಕೇರಳದ ಮೀಡಿಯಾವನ್ ವಾಹಿನಿಯದ್ದು, ಅದನ್ನು ಸರಿಯಾಗಿ ಬಿಡಿಸಿ ನೋಡಿದೆ. ಗೃಹ ಸಚಿವಾಲಯ ಭದ್ರತಾ ಅನುಮತಿ ಕೊಡಲಿಲ್ಲ, ಕಾರಣ ಹೇಳಲಿಲ್ಲ. ಹೈಕೋರ್ಟಿನಲ್ಲಿ ಲಕೋಟೆ ಕೊಟ್ಟರು, ಹೈಕೋರ್ಟು ಅದನ್ನೇ ನಂಬಿತು. ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿತು. ಭದ್ರತೆಯ ಹೆಸರು ಹೇಳಿದ ಮಾತ್ರಕ್ಕೆ ಸಹಜ ನ್ಯಾಯ ಮಾಯ ಆಗುವುದಿಲ್ಲ. ಭದ್ರತೆಯ ಸಂಗತಿ ನಿಜವಾಗಿ ಇದೆಯೇ, ಅದಕ್ಕಾಗಿ ಇಷ್ಟು ಮುಚ್ಚಿಡುವುದು ಅಗತ್ಯವೇ ಎಂದು ಸರ್ಕಾರ ತೋರಿಸಬೇಕು. ಮುಚ್ಚಲೇಬೇಕಾದರೆ ಸಾರ್ವಜನಿಕ ಹಿತದ ವಿನಾಯಿತಿ ಕೇಳಲಿ, ಅಗತ್ಯ ಇರುವ ಕಡೆ ಮಸಿ ಬಳಿದು ಉಳಿದದ್ದನ್ನು ಕೊಡಲಿ, ಆ ವಿಚಾರಣೆಗೆ ಕೋರ್ಟು ಅಮಿಕಸ್ ಕ್ಯೂರಿಯನ್ನು (ಕೋರ್ಟಿಗೆ ನೆರವಾಗುವ ವಕೀಲರನ್ನು) ನೇಮಿಸಿಕೊಳ್ಳಬಹುದು ಎಂಬ ದಾರಿ ತೋರಿಸಿತು.

ಒಂದು ತೊಡಕು ಉಂಟು. ಆ ವಾಹಿನಿಗೆ 19ನೇ ವಿಧಿಯ ಹಕ್ಕು ಇತ್ತು, ನಿಮ್ಮವನಿಗೆ ಇಲ್ಲ. ನೀವು ಆ ತೀರ್ಪಿನ ಕಾರ್ಯವಿಧಾನದ ಭಾಗವನ್ನು ಮಾತ್ರ 14 ಮತ್ತು 21ರ ಮೂಲಕ ತನ್ನಿ. ಜೊತೆಗೆ 2006ರ ಹಸನ್ ಅಲಿ ರೈಹಾನಿ ಪ್ರಕರಣ ಇಡಿ: ಹೊರಹಾಕುವ ಮೊದಲು ಕಾರಣ ತಿಳಿಸಬೇಕು, ಮನವಿ ಕೊಡಲು ಅವಕಾಶ ಬೇಕು, ಭದ್ರತೆಯ ಬಲವಾದ ಕಾರಣ ಇದ್ದರೆ ಬೇರೆ. ರೈಹಾನಿ ಕಾನೂನುಬದ್ಧವಾಗಿ ಒಳಬಂದಿದ್ದವನು ಎಂಬ ವ್ಯತ್ಯಾಸ ನೀವೇ ಒಪ್ಪಿಕೊಳ್ಳಿ.

ಕೊಡಿಯಾಲಬೈಲ್:

ಅರ್ಜಿಯ ವಿಷಯ. ದಕ್ಷಿಣ ಕನ್ನಡ, ಉಡುಪಿ ಎರಡೂ ಬೆಂಗಳೂರು ಪ್ರಧಾನ ಪೀಠದ ವ್ಯಾಪ್ತಿ, ಧಾರವಾಡ ಅಲ್ಲ. 226ನೇ ವಿಧಿಯಡಿ ರಿಟ್. ಪ್ರತಿವಾದಿಗಳು ಕೇಂದ್ರ ಗೃಹ ಸಚಿವಾಲಯ, ಬೆಂಗಳೂರಿನ ಎಫ್‌ಆರ್‌ಆರ್‌ಒ, ರಾಜ್ಯದ ಗೃಹ ಇಲಾಖೆ, ಮಂಗಳೂರು ಪೊಲೀಸ್ ಕಮಿಷನರ್. ರಾಜ್ಯವನ್ನು ಸೇರಿಸಲೇಬೇಕು, ಹೊರಹಾಕುವ ಅಧಿಕಾರವನ್ನು ಕೇಂದ್ರ 1958ರಲ್ಲೇ 258(1) ವಿಧಿಯಡಿ ರಾಜ್ಯಗಳಿಗೂ ವಹಿಸಿತ್ತು. ಆದೇಶಕ್ಕೆ ಸಹಿ ಹಾಕಿದವರಿಗೆ ಆ ಅಧಿಕಾರ ಇತ್ತಾ ಎಂದು ಮೊದಲು ನೋಡಿ, ಎಷ್ಟೋ ಸಲ ಪ್ರಕರಣ ಅಲ್ಲೇ ಮುಗಿಯುತ್ತದೆ. ಯುಎನ್‌ಎಚ್‌ಸಿಆರ್ ಅನ್ನು ಪ್ರತಿವಾದಿ ಮಾಡಬೇಡಿ. ಕಾರ್ಡಿನ ಪ್ರತಿ ಲಗತ್ತಿಸಿದರೆ ಸಾಕು, ಅದು ಕಾನೂನಿನ ಸ್ಥಾನಮಾನ ಕೊಡುವುದಿಲ್ಲ, ಆದರೆ ಅಪಾಯಕ್ಕೆ ಸಾಕ್ಷ್ಯವಾಗ್ತದೆ. ಶಿಕ್ಷೆಯ ತೀರ್ಪು, ಬಿಡುಗಡೆಯ ದಾಖಲೆ, ಅವನ ಊರಿನ ಸದ್ಯದ ಸ್ಥಿತಿಯ ಬಗ್ಗೆ ನಂಬಲರ್ಹ ವರದಿ, ಅವನದೇ ಪ್ರಮಾಣಪತ್ರ (ಅಫಿಡವಿಟ್) ಬೇಕು. ದೇಶದ ಬಗ್ಗೆ ಹತ್ತು ಪುಟ ಬರೆದು ಅವನ ಬಗ್ಗೆ ನಾಲ್ಕು ಸಾಲು ಬರೆಯುವುದು ಎಲ್ಲರೂ ಮಾಡುವ ತಪ್ಪು. ಅಪಾಯ ಇವನಿಗೇ ಯಾಕೆ ಎಂಬುದು ಕಾಣಬೇಕು.

ತಡೆಯಾಜ್ಞೆಯ ಅರ್ಜಿ ಜೊತೆಗೇ ಹೋಗಬೇಕು. ವಿಮಾನ ಹತ್ತಿಸಿಬಿಟ್ಟರೆ ರಿಟ್ ನಿಷ್ಫಲ, ಮತ್ತೆ ಕೋರ್ಟಿನ ಕೈಯಲ್ಲೂ ಏನೂ ಇಲ್ಲ.

ಗೃಹ ಸಚಿವಾಲಯದ 2011ರ ಡಿಸೆಂಬರ್ 29ರ ಕಾರ್ಯವಿಧಾನ ಓದಿ, 2019ರಲ್ಲಿ ಪರಿಷ್ಕರಿಸಿದ್ದಾರೆ. ತಾನು ನಿರಾಶ್ರಿತ ಎಂದು ಹೇಳುವವನ ವಿಷಯವನ್ನು ಪರಿಶೀಲಿಸಿ, ಮೇಲ್ನೋಟಕ್ಕೆ ನಿಜ ಅನಿಸಿದರೆ ದೀರ್ಘಾವಧಿ ವೀಸಾಕ್ಕೆ 30 ದಿನದೊಳಗೆ ಶಿಫಾರಸು ಮಾಡಬೇಕು ಎಂದು 2011ರದ್ದರಲ್ಲಿ ಉಂಟು. ನಿಮ್ಮ ಸಮಸ್ಯೆಯಲ್ಲಿ ಆ ಪರಿಶೀಲನೆಯೇ ನಡೆದಿಲ್ಲ. ಸಲೀಮುಲ್ಲಾ ಆದೇಶದ "ನಿಗದಿತ ಕಾರ್ಯವಿಧಾನ" ಅಂದರೆ ಏನು ಎಂದು ಪೀಠ ಕೇಳಿದಾಗ ಕೈಯಲ್ಲಿ ತೋರಿಸಲು ಇದೇ ಕಾಗದ.

ಪರ್ಯಾಯ ಕೋರಿಕೆಯೂ ಇರಲಿ. ಮ್ಯಾನ್ಮಾರ್ ರಾಯಭಾರ ಕಚೇರಿ ಇವನು ನಮ್ಮವನು ಎಂದು ಒಪ್ಪದಿದ್ದರೆ ಪ್ರಯಾಣದ ದಾಖಲೆ ಸಿಗುವುದಿಲ್ಲ, ಅವನು ನೆಲಮಂಗಲ ಹತ್ತಿರದ ಸೊಂಡೆಕೊಪ್ಪದ ಬಂಧನ ಕೇಂದ್ರದಲ್ಲಿ ವರ್ಷಗಟ್ಟಲೆ ಕೊಳೆಯಬೇಕಾದೀತು. ರಾಜತಾಂತ್ರಿಕ ಪ್ರಯತ್ನ ಆರು ತಿಂಗಳಲ್ಲಿ ಫಲ ಕೊಡದಿದ್ದರೆ ಸ್ಥಳೀಯ ಜಾಮೀನು, ತಿಂಗಳಿಗೊಮ್ಮೆ ಠಾಣೆಗೆ ಹಾಜರಿ ಮುಂತಾದ ಷರತ್ತಿನ ಮೇಲೆ ಬಿಡಬೇಕು ಎಂದೂ 2011ರ ಕಾಗದದಲ್ಲಿತ್ತು. ಕಳಿಸುವ ಸಾಧ್ಯತೆಯೇ ಇಲ್ಲದಾಗ ಕೂಡಿಡುವುದು ಶಿಕ್ಷೆಯೇ ಎಂದು ಆಸ್ಟ್ರೇಲಿಯಾದ ಹೈಕೋರ್ಟು (ಅಲ್ಲಿ ಅದೇ ಅತ್ಯುನ್ನತ ಕೋರ್ಟು) 2023ರ ನವೆಂಬರ್ 8ರಂದು ಎನ್‌ಝಡ್‌ವೈಕ್ಯೂ ಪ್ರಕರಣದಲ್ಲಿ ತನ್ನದೇ 2004ರ ತೀರ್ಪನ್ನು ಮಗುಚಿ ಹಾಕಿದೆ.

ಕಲ್ಯಾಣಪುರ:

ಒಂದು ಬಿಟ್ಟುಹೋಯಿತು. ಆದೇಶದಲ್ಲಿ ಒಂದೇ ಸಾಲು ಉಂಟು, ಕೋರ್ಟಿಗೆ ಬಂದ ಮೇಲೆ ಸರ್ಕಾರ ಆಕ್ಷೇಪಣೆಯಲ್ಲಿ ಇಪ್ಪತ್ತು ಪುಟ ಕಾರಣ ಕೊಡಬಹುದು. ಆಗ 1978ರ ಮೊಹಿಂದರ್ ಸಿಂಗ್ ಗಿಲ್ ತೀರ್ಪು ಇಡಿ. ಆದೇಶ ಹೊರಡಿಸುವಾಗ ಅದರಲ್ಲಿ ಬರೆದ ಕಾರಣದಿಂದಲೇ ಅದು ನಿಲ್ಲಬೇಕು ಅಥವಾ ಬೀಳಬೇಕು, ಆಮೇಲೆ ಪ್ರಮಾಣಪತ್ರದಲ್ಲಿ ಹೊಸ ಕಾರಣ ತುಂಬುವ ಹಾಗಿಲ್ಲ. ಕಡತದಲ್ಲಿ ಕಾರಣ ಆಗಲೇ ಇತ್ತು, ಆದೇಶದಲ್ಲಿ ಬರೆಯಲಿಲ್ಲ ಅಷ್ಟೆ ಎಂದು ಅವರು ಉತ್ತರ ಕೊಡ್ತಾರೆ. ಹಾಗಂದ ತಕ್ಷಣ ಮೂಲ ಕಡತ ಹಾಜರುಪಡಿಸಲು ಕೇಳಿ, ಟಿಪ್ಪಣಿ ಹಾಳೆಯ ತಾರೀಖು ಆದೇಶದ ತಾರೀಖಿಗಿಂತ ಮೊದಲಿನದೋ ಎಂದು ಪೀಠವೇ ನೋಡಲಿ.